ಐದು ಜನ ಸೇರಿ ಕೊಂಡ ಒಂದು ಕ್ಯಾಮೆರಾ

"ಜೇಬಲ್ಲೇ ಫೋನ್ ಅದಲ್ಲ, ಇನ್ನೊಂದು ಕ್ಯಾಮೆರಾ ಯಾಕೆ?"

ಕ್ಯಾಮೆರಾ ಕೊಳ್ಳುತ್ತೇವೆ ಅಂದಾಗ ಮನೆಯಲ್ಲೂ ಕೇಳಿದರು, ಟೀ ಅಂಗಡಿಯಲ್ಲೂ ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹತ್ತು ಸಾವಿರದ ಫೋನು ಕೂಡ ಬೆಳಕಿದ್ದರೆ ಚೆಂದದ ಫೋಟೋ ತೆಗೆಯುತ್ತದೆ, ಆ ಗಳಿಗೆಯಲ್ಲೇ ಕಳಿಸುತ್ತದೆ. ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಶುರುವಾದ, ಹಳ್ಳಿ ಹೆಣ್ಣುಮಕ್ಕಳೇ ವರದಿ ಮಾಡುವ 'ಖಬರ್ ಲಹರಿಯಾ' ಪತ್ರಿಕೆ ಮುದ್ರಣದಿಂದ ಮೊಬೈಲ್ ವಿಡಿಯೋ ಕಡೆ ಹೊರಳಿದ ಕತೆ 'ರೈಟಿಂಗ್ ವಿತ್ ಫೈರ್' ಸಾಕ್ಷ್ಯಚಿತ್ರದಲ್ಲಿದೆ. ಆ ಚಿತ್ರ 2022ರಲ್ಲಿ ಆಸ್ಕರ್ ನಾಮನಿರ್ದೇಶನದವರೆಗೂ ಹೋಯಿತು. ಅವರ ಕೈಯಲ್ಲಿದ್ದದ್ದು ಫೋನೇ. ಹಾಗಾಗಿ ಫೋನನ್ನು ಬೈಯಲು ಇದನ್ನು ಬರೆಯುತ್ತಿಲ್ಲ.

ನಮ್ಮ ಪ್ರಶ್ನೆ ಫೋಟೋ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದಲ್ಲ. ಫೋನ್ ಯಾರದ್ದು ಅನ್ನುವುದು.

ನಾವು ಐದು ಜನ. ಮೂವರು ಚಾಮರಾಜನಗರದ ಕಡೆಯವರು, ಇಬ್ಬರು ಗುಂಡ್ಲುಪೇಟೆ ತಾಲ್ಲೂಕಿನವರು. ನಮ್ಮಲ್ಲೊಬ್ಬಳ ಮನೆಯಲ್ಲಿ ಇರುವುದೇ ಒಂದು ಸ್ಮಾರ್ಟ್‌ಫೋನ್. ತಮ್ಮನ ಕಾಲೇಜಿನ ನೋಟ್ಸು ಅದರಲ್ಲೇ, ಅಪ್ಪನ ಬ್ಯಾಂಕಿನ ಒಟಿಪಿ ಅದಕ್ಕೇ, ಡೇರಿಯ ಹಾಲಿನ ದುಡ್ಡು ಬಿತ್ತು ಅನ್ನುವ ಮೆಸೇಜೂ ಅದಕ್ಕೇ. ಅವಳು ಅದನ್ನು ಹಿಡಿದುಕೊಂಡು ವರದಿಗೆ ಹೊರಟರೆ ಸಂಜೆಯವರೆಗೆ ಮನೆಗೆ ಬಾಯಿಯೇ ಇಲ್ಲ. ಇನ್ನೊಬ್ಬನ ಫೋನಿನಲ್ಲಿ ಯಾವಾಗಲೂ 'ಜಾಗ ಇಲ್ಲ'. ಇನ್ನು ನಮ್ಮ ಫೋನನ್ನು ಬೇರೆಯವರ ಕೈಗೆ ಕೊಟ್ಟು "ನೀವೇ ತೆಗೆಯಿರಿ" ಅನ್ನುವುದಂತೂ ಮನೆ ಬೀಗದ ಕೈ ಕೊಟ್ಟ ಹಾಗೆ. ಅದರಲ್ಲಿ ನಮ್ಮ ಮೆಸೇಜು, ನಮ್ಮ ದುಡ್ಡು, ನಮ್ಮ ಮನೆಯವರ ಫೋಟೋ ಎಲ್ಲಾ ಇರುತ್ತವೆ.

ಕ್ಯಾಮೆರಾವನ್ನು ಹಾಗೆ ಕೊಡಬಹುದು. ಒಂದು ವಾರ ಬಿಟ್ಟು ಬರಬಹುದು. ಒಳಗೆ ಫೋಟೋ ಬಿಟ್ಟರೆ ಬೇರೇನೂ ಇರುವುದಿಲ್ಲ.

ನಮ್ಮ ಕಡೆ ಫೋಟೋಗೇನೂ ಬರವಿಲ್ಲ. ಮುಂಗಾರಿನ ಹೊತ್ತಿಗೆ ಬೇಗೂರು, ಹಂಗಳದ ರಸ್ತೆ ಬದಿಯಲ್ಲಿ ಸೂರ್ಯಕಾಂತಿ, ಚೆಂಡುಹೂವು ಅರಳಿದರೆ ಊಟಿ, ವಯನಾಡಿನ ಕಡೆ ಓಡಾಡುವ ಕಾರುಗಳೆಲ್ಲ ನಿಲ್ಲುತ್ತವೆ. ಕೆಲವು ರೈತರು ಹೊಲಕ್ಕಿಳಿದು ಫೋಟೋ ತೆಗೆದುಕೊಳ್ಳುವವರಿಂದ ಹತ್ತಿಪ್ಪತ್ತು ರೂಪಾಯಿ ಪಡೆಯುವುದೂ ಉಂಟು. ಆ ದೊಡ್ಡ ದೊಡ್ಡ ಕ್ಯಾಮೆರಾಗಳಲ್ಲಿ ಹೂವು ಬರುತ್ತದೆ, ಹೂವಿಗೆ ಸಿಕ್ಕ ಬೆಲೆ ಬರುವುದಿಲ್ಲ. ಸರ್ಕಾರವೂ ನಮ್ಮ ಫೋಟೋ ತೆಗೆಯುತ್ತದೆ. ನರೇಗಾ ಕೆಲಸದ ಜಾಗದಲ್ಲಿ ಕೂಲಿಯವರನ್ನು ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಫೋಟೋ ತೆಗೆದು ಹಾಜರಿ ಹಾಕುವುದನ್ನು 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯ ಮಾಡಿದರು. ಹಳ್ಳಿಯವರನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಹಳ್ಳಿಯವರು ತೆಗೆದ ಫೋಟೋ ಕಾಣುವುದು ಕಮ್ಮಿ.

ಅದರ ನಷ್ಟ ಎಲ್ಲಿ ಗೊತ್ತಾಗುತ್ತದೆ ಅಂದರೆ, ಬಂಡೀಪುರದ ಅಂಚಿನ ಹೊಲಗಳಲ್ಲಿ. ರಾತ್ರಿ ಎರಡು ಗಂಟೆಗೆ ಆನೆ ನುಗ್ಗಿ ಬಾಳೆ ತುಳಿದು ಹೋಗುತ್ತದೆ. ಬೆಳಿಗ್ಗೆ ರೈತ ನೋಡುತ್ತಾನೆ. ಪರಿಶೀಲನೆಗೆ ಜನ ಬರುವ ಹೊತ್ತಿಗೆ ಬಿದ್ದ ಗಿಡವನ್ನು ದನ ಎಳೆದಿರುತ್ತವೆ, ಹೆಜ್ಜೆ ಗುರುತನ್ನು ಮಳೆ ತೊಳೆದಿರುತ್ತದೆ. ಪರಿಹಾರದ ಅರ್ಜಿಗೆ ಫೋಟೋ ಬೇಕು. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆ 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ ಶುರು ಮಾಡಿದ 'ವೈಲ್ಡ್ ಸೇವೆ'ಯವರು ಫೋನ್ ಮಾಡಿದರೆ ಬಂದು ನಷ್ಟವನ್ನು ದಾಖಲಿಸಿ ಅರ್ಜಿ ಹಾಕಲು ನೆರವಾಗುತ್ತಾ ಬಂದಿದ್ದಾರೆ. ಆದರೂ ಮೊದಲ ಬೆಳಗಿನ ಫೋಟೋ ಹೊಲದವರ ಕೈಯಲ್ಲೇ ಇದ್ದರೆ ಅದರ ತೂಕವೇ ಬೇರೆ. ನಮಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇರುವುದು ಬಟನ್ ಫೋನು.

ಹೀಗೆ ನಮಗೆ ಬೇಕಾದ ಕ್ಯಾಮೆರಾ ಯಾವುದು ಅನ್ನುವುದು ಅರ್ಧ ತೀರ್ಮಾನವಾಯಿತು: ಯಾರ ಕೈಗೆ ಕೊಟ್ಟರೂ ಕೆಲಸ ಮಾಡುವಂಥದ್ದು.

ಇನ್ನರ್ಧ ತೀರ್ಮಾನ ಮಾಡಿದ್ದು ದುಡ್ಡು. ತಲಾ 1,200ರಂತೆ 6,000 ರೂಪಾಯಿ. ಕಾರ್ಡು, ಸೆಲ್ಲು, ಚೀಲ ಎಲ್ಲಾ ಅದರಲ್ಲೇ ಆಗಬೇಕು. ಹೊಸದರ ಆಸೆ ಮೊದಲೇ ಬಿಟ್ಟೆವು. ಜಗತ್ತಿನ ಕ್ಯಾಮೆರಾ ಕಂಪನಿಗಳು 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಮಾರುಕಟ್ಟೆಗೆ ಕಳಿಸಿದ್ದವು. ಹತ್ತು ವರ್ಷದಲ್ಲಿ ಅದು ಒಂದು ಕೋಟಿಗಿಂತ ಕೆಳಗಿಳಿಯಿತು. ಫೋನು ಮೊದಲು ನುಂಗಿದ್ದೇ ಅಗ್ಗದ ಸಣ್ಣ ಕ್ಯಾಮೆರಾಗಳನ್ನು. ಈಗ ಹೊಸದಾಗಿ ಸಿಗುವ ಒಳ್ಳೆಯ ಕ್ಯಾಮೆರಾಗಳು ನಮ್ಮ ಲೆಕ್ಕಕ್ಕೆ ಎಟುಕುವುದಿಲ್ಲ. ಆದರೆ ಆಗ ಕೊಂಡ ಆ ಕೋಟಿಗಟ್ಟಲೆ ಕ್ಯಾಮೆರಾಗಳು ಎಲ್ಲಿ ಹೋದವು? ಬೀರುವಿನಲ್ಲಿವೆ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿವೆ. ನಾವು ಹುಡುಕಬೇಕಾದ್ದು ಅಲ್ಲೇ.

ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಆನ್‌ಲೈನಿನಲ್ಲಿ ಇನ್ನೂ ಅಗ್ಗಕ್ಕೆ ಕಂಡವು. ಆದರೆ ಹಳೆಯ ಸಾಮಾನನ್ನು ಎಮ್ಮೆ ಕೊಂಡ ಹಾಗೆ ಕೊಳ್ಳಬೇಕು, ಮುಟ್ಟಿ ನೋಡಿ, ಹಾಲು ಕರೆದು ನೋಡಿ. ಒಂದು ಶನಿವಾರ ಮೈಸೂರಿಗೆ ಹೊರಟೆವು.

ಹೊರಡುವ ಮೊದಲು ನಾಲ್ಕು ವಿಷಯ ತಿಳಿದುಕೊಂಡಿದ್ದೆವು. ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು ಮೆಗಾಪಿಕ್ಸೆಲ್. ಒಂದು ಮೆಗಾಪಿಕ್ಸೆಲ್ ಅಂದರೆ ಹತ್ತು ಲಕ್ಷ ಚುಕ್ಕಿ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕಿ. ಒಂದು ಫೋಟೋ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡ್ ಬೇಕಿತ್ತು! ಈಗ ಅಂಗಡಿಯವರು 16, 20 ಅಂತ ಕೂಗುತ್ತಾರೆ. ಸ್ಟುಡಿಯೋದಲ್ಲಿ ಹಾಕಿಸುವ 4×6 ಇಂಚಿನ ಪ್ರಿಂಟಿಗೆ ಎರಡು ಮೆಗಾಪಿಕ್ಸೆಲ್ಲು ಸಾಕು. 8×10 ಇಂಚಿಗೆ ಏಳೆಂಟು ಸಾಕು. ಫೋನಿನ ಪರದೆಗೆ ಮೂರು ಹೆಚ್ಚಾಯಿತು. ಹಾಗಾಗಿ ಹತ್ತು ದಾಟಿದ ಮೇಲೆ ಆ ಅಂಕಿಗೆ ದುಡ್ಡು ಸುರಿಯಬೇಡಿ.

ಎರಡನೆಯದು ಜೂಮ್. ಡಬ್ಬದ ಮೇಲೆ ಎರಡು ಜೂಮ್ ಬರೆದಿರುತ್ತಾರೆ. ಆಪ್ಟಿಕಲ್ ಜೂಮ್ ಅಂದರೆ ಗಾಜೇ ಮುಂದೆ ಹಿಂದೆ ಸರಿದು ದೂರದ್ದನ್ನು ಹತ್ತಿರ ತರುವುದು. ಡಿಜಿಟಲ್ ಜೂಮ್ ಅಂದರೆ ತೆಗೆದ ಫೋಟೋವನ್ನೇ ಕತ್ತರಿಸಿ ಹಿಗ್ಗಿಸುವುದು. ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಅಗ್ಗದ ಫೋನುಗಳಿಗಿಂತ ಹಳೆಯ ಸಣ್ಣ ಕ್ಯಾಮೆರಾ ಮುಂದಿರುವುದು ಇಲ್ಲೇ. ಗ್ರಾಮಸಭೆಯಲ್ಲಿ ಹಿಂದೆ ನಿಂತೇ ಮುಂದೆ ಮಾತಾಡುವವರ ಮುಖ ಸಿಗುತ್ತದೆ.

ಮೂರನೆಯದು ಬೆಳಕು. ಸಣ್ಣ ಕ್ಯಾಮೆರಾದ ಫ್ಲ್ಯಾಷ್ ಹೋಗುವುದು ಸುಮಾರು ಮೂರು ಮೀಟರ್. ಕತ್ತಲಾದ ಮೇಲೆ ಅದರಿಂದ ದೊಡ್ಡದನ್ನು ಬಯಸಬಾರದು. ಆನೆ ಬಂದಾಗಲಂತೂ ಕ್ಯಾಮೆರಾ ಮುಟ್ಟಲೇಬೇಡಿ. ನಮಗೆ ಆನೆಯ ಫೋಟೋ ಬೇಡ, ಬೆಳಗಾದ ಮೇಲೆ ಹೊಲದ ಫೋಟೋ ಸಾಕು.

ನಾಲ್ಕನೆಯದು ಬ್ಯಾಟರಿ. ಹಳೆಯ ಕ್ಯಾಮೆರಾ ಹೋಗುವುದೇ ಇಲ್ಲಿ. ಆ ಮಾಡೆಲ್ಲಿಗೆಂದೇ ಮಾಡಿದ ಚಪ್ಪಟೆ ಬ್ಯಾಟರಿ ಸತ್ತರೆ ಇನ್ನೊಂದು ಸಿಗುವುದು ಕಷ್ಟ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾ ಆದರೆ ತೆರಕಣಾಂಬಿಯ ಅಂಗಡಿಯಲ್ಲೂ ಸೆಲ್ ಸಿಗುತ್ತದೆ. ಆದರೆ ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ನಾಲ್ಕಾರು ಫೋಟೋಗೆ ಸುಸ್ತಾಗುತ್ತದೆ. ಆಲ್ಕಲೈನ್ ಸೆಲ್ ಬೇಕು, ಇಲ್ಲವೇ ಚಾರ್ಜ್ ಮಾಡುವ ಸೆಲ್ ಬೇಕು. ಚಾರ್ಜ್ ಮಾಡುವುದೇ ಒಳ್ಳೆಯದು, ನಾಲ್ಕು ಕೊಂಡರೆ ಎರಡು ಕ್ಯಾಮೆರಾದಲ್ಲಿ, ಎರಡು ಚೀಲದಲ್ಲಿ.

ಅಂಗಡಿಯಲ್ಲಿ ನಮ್ಮ ಪರೀಕ್ಷೆ ಒಂದೇ: ಏನೂ ಹೇಳಿಕೊಡದೆ ಕೈಗೆ ಕೊಟ್ಟರೆ ಒಂದು ನಿಮಿಷದೊಳಗೆ ಫೋಟೋ ಬರಬೇಕು. ಪರೀಕ್ಷೆಗೆ ಕೂತವರು ನಮ್ಮಲ್ಲೊಬ್ಬರ ಚಿಕ್ಕಮ್ಮ. ಆಸ್ಪತ್ರೆ ಕೆಲಸಕ್ಕೆ ನಮ್ಮ ಜೊತೆ ಬಂದಿದ್ದರು. ಅಂಗಡಿಯವರು ಮೊದಲು ಒಂದು ಹಳೆಯ ಡಿಎಸ್‌ಎಲ್‌ಆರ್ ಕೊಟ್ಟರು. ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಮದ್ವೆ ಮನೆಯವ್ರದ್ದು ಕಣಪ್ಪ, ನಮ್ಗಲ್ಲ" ಅಂತ ವಾಪಸ್ ಇಟ್ಟರು. ಆಮೇಲೆ ಕೊಟ್ಟಿದ್ದು ನಿಕಾನ್ ಕೂಲ್‌ಪಿಕ್ಸ್ ಎ10. 2016ರಲ್ಲಿ ಬಂದ ಮಾಡೆಲ್ಲು. 16 ಮೆಗಾಪಿಕ್ಸೆಲ್, 5 ಪಟ್ಟು ಆಪ್ಟಿಕಲ್ ಜೂಮ್, ಎರಡು ಪೆನ್ಸಿಲ್ ಸೆಲ್. ಚಿಕ್ಕಮ್ಮ ಮೇಲಿನ ಬಟನ್ ಒತ್ತಿದರು, ಗಾಜು ಹೊರಗೆ ಬಂದದ್ದು ನೋಡಿ ನಕ್ಕರು, ಅಂಗಡಿಯವರದ್ದೇ ಮೂರು ಫೋಟೋ ತೆಗೆದರು. ಮೂರರಲ್ಲೂ ತಲೆ ಪೂರ್ತಿ ಇತ್ತು. ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದರೂ ದುಡ್ಡು ಕೊಡುವ ಮೊದಲು ಎಲ್ಲ ನೋಡಿದೆವು. ನಮ್ಮದೇ ಕಾರ್ಡು, ಹೊಸ ಸೆಲ್ಲು ಹಾಕಿ ನೋಡಿದೆವು. ಜೂಮ್ ಹತ್ತು ಸಲ ಮುಂದೆ ಹಿಂದೆ ಮಾಡಿದೆವು. ಒಳಗೆ ಮರಳು ಸೇರಿದ್ದರೆ ಕರಕರ ಸದ್ದು ಬರುತ್ತದೆ. ಬಿಳಿ ಗೋಡೆಯ ಫೋಟೋ ತೆಗೆದು ಹಿಗ್ಗಿಸಿ ನೋಡಿದೆವು. ಕಪ್ಪು ಚುಕ್ಕಿ ಕಂಡರೆ ಒಳಗೆ ಧೂಳೋ ಬೂಸ್ಟೋ ಇದೆ ಅಂತ. ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಇಲ್ಲ, ಮುಚ್ಚಳ ಗಟ್ಟಿ ಇದೆ ಅನ್ನುವುದನ್ನೂ ನೋಡಿದೆವು. ಇನ್ನೊಂದು ಮಾತು: 2006ಕ್ಕಿಂತ ಹಿಂದಿನ ಬಹಳಷ್ಟು ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡ್ ಓದುವುದಿಲ್ಲ. ತೀರಾ ಹಳೆಯದು ಅಗ್ಗವಾಗಿ ಸಿಕ್ಕಿತೆಂದು ಹಿಗ್ಗಬೇಡಿ.

ಲೆಕ್ಕ ಹೀಗಾಯಿತು. ಕ್ಯಾಮೆರಾ 4,200. ನಾಲ್ಕು ಸೆಲ್ ಮತ್ತು ಚಾರ್ಜರ್ 900. 16 ಜಿಬಿ ಕಾರ್ಡ್ 350. ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಫೋಟೋ ಹಿಡಿಯುತ್ತವೆ. ಕಾರ್ಡಿನಿಂದ ಫೋನಿಗೆ ಫೋಟೋ ಇಳಿಸಿಕೊಳ್ಳುವ ಒಟಿಜಿ ರೀಡರ್ 150. ಒಟ್ಟು 5,600. ಉಳಿದ 400ರಲ್ಲಿ ಒಂದು ಚೀಲ, ಒಂದು ನೋಟ್‌ಬುಕ್.

ನೋಟ್‌ಬುಕ್ ಯಾಕೆಂದರೆ ಈ ಕ್ಯಾಮೆರಾಕ್ಕೆ ತಾನು ಎಲ್ಲಿದ್ದೇನೆ ಅನ್ನುವುದು ಗೊತ್ತಾಗುವುದಿಲ್ಲ. ಫೋನಿನ ಹಾಗೆ ಜಿಪಿಎಸ್ ಇಲ್ಲ. ಯಾರು ಒಯ್ದರು, ಯಾವ ದಿನ, ಯಾವ ಊರು, ಯಾರ ಹೊಲ ಅನ್ನುವುದನ್ನು ಬರೆದಿಡುತ್ತೇವೆ. ಸೆಲ್ ತೆಗೆದು ಬಹಳ ದಿನ ಇಟ್ಟರೆ ತಾರೀಖು ಅಳಿಸಿಹೋಗುತ್ತದೆ. ಹೊರಡುವ ಮೊದಲು ಅದನ್ನು ನೋಡಿ ಸರಿ ಮಾಡುವುದು ಕಡ್ಡಾಯ. ನಾವು ನೋಡಿದ ಯಾವ ಕ್ಯಾಮೆರಾದ ಮೆನುವಿನಲ್ಲೂ ಕನ್ನಡ ಇರಲಿಲ್ಲ. ಹಾಗಾಗಿ ಚೀಲದೊಳಗೆ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಬರೆದಿಟ್ಟಿದ್ದೇವೆ:

ಬಟನ್ ಅರ್ಧ ಒತ್ತಿ, ಹಸಿರು ಚೌಕ ಬಂದ ಮೇಲೆ ಪೂರ್ತಿ ಒತ್ತಿ.
ಒಂದು ಫೋಟೋ ದೂರದಿಂದ, ಒಂದು ನಡುವಿನಿಂದ, ಒಂದು ಹತ್ತಿರದಿಂದ.
ದೂರದ ಫೋಟೋದಲ್ಲಿ ಪಂಪ್‌ಸೆಟ್ ಮನೆಯೋ ಬಾಂದುಕಲ್ಲೋ ಕಾಣಲಿ.
ಯಾರದೇ ಮುಖ ತೆಗೆಯುವ ಮೊದಲು ಕೇಳಿ. ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ಅಳಿಸಿ.

ಇನ್ನೊಂದು ನಿಯಮ ನಮಗೆ. ಮೂಲ ಫೋಟೋ ಅಳಿಸುವ ಹಾಗಿಲ್ಲ. ವಾಟ್ಸ್‌ಆ್ಯಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಒಳಗಿನ ತಾರೀಖಿನ ವಿವರವೂ ಹೋಗುತ್ತದೆ. 'ಡಾಕ್ಯುಮೆಂಟ್' ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಪರಿಹಾರದ ಅರ್ಜಿಗೆ ಫೋಟೋ ಕಳಿಸುವವರು ಇದನ್ನು ನೆನಪಿಡಿ.

ಮೊದಲ ಸಲ ಕ್ಯಾಮೆರಾವನ್ನು ಕಾಡಂಚಿನ ಒಂದು ಹಳ್ಳಿಯ ಮಹಿಳಾ ಸಂಘದ ಹತ್ತಿರ ಒಂದು ವಾರ ಬಿಟ್ಟು ಬಂದೆವು. ವಾಪಸ್ ಬಂದಾಗ 140 ಫೋಟೋ ಇದ್ದವು. ಕರು, ಮೊಮ್ಮಗು, ಯಾರದೋ ಬೆರಳು, ಬರೀ ಆಕಾಶ. ಅವುಗಳ ನಡುವೆ ಒಂದು ಬೆಳಿಗ್ಗೆಯ 11 ಫೋಟೋ: ತುಳಿದ ಬಾಳೆ, ಕಿತ್ತ ಬೇಲಿ, ಹಸಿ ಮಣ್ಣಿನ ಮೇಲೆ ದೊಡ್ಡ ಹೆಜ್ಜೆ, ಪಕ್ಕದಲ್ಲಿ ಅಳತೆಗೆ ಇಟ್ಟ ಒಂದು ಚಪ್ಪಲಿ. ಚಪ್ಪಲಿ ಇಡಿ ಅಂತ ನಾವು ಹೇಳಿರಲಿಲ್ಲ. ಆ ಫೋಟೋಗಳು ಅರ್ಜಿಯ ಜೊತೆ ಹೋಗಿವೆ. ದುಡ್ಡು ಇನ್ನೂ ಬಂದಿಲ್ಲ. ಆದರೆ "ಎಷ್ಟು ಗಿಡ ಬಿದ್ದಿತ್ತು?" ಅಂತ ಕೇಳಿದರೆ ಈಗ ತೋರಿಸಲು ಏನೋ ಇದೆ.

ಇನ್ನೊಂದು ಫೋಟೋ ಇತ್ತು. ಬೆಳಗಿನ ಜಾವ, ಒಂದೇ ಬಲ್ಬಿನ ಬೆಳಕು, ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಕಾಲು ಚಾಚಿ ಕೂತು ಹೂವು ಕಟ್ಟುತ್ತಿದ್ದಾರೆ. ಸ್ವಲ್ಪ ಅಲುಗಿದೆ. ಸೊಸೆ ಬಾಯಿಬಿಟ್ಟು ನಗುತ್ತಿದ್ದಾಳೆ. ಪತ್ರಿಕೋದ್ಯಮ ಓದಿದ ನಾವು ಐದು ಜನ ಎಷ್ಟು ದುಬಾರಿ ಕ್ಯಾಮೆರಾ ಹಿಡಿದು ಹೋಗಿದ್ದರೂ ಆ ಫೋಟೋ ನಮಗೆ ಸಿಗುತ್ತಿರಲಿಲ್ಲ. ನಮ್ಮನ್ನು ಕಂಡೊಡನೆ ಅವರು ಎದ್ದು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತುಬಿಡುತ್ತಿದ್ದರು.

ನಿಮ್ಮ ಸಂಘದಲ್ಲೂ, ಯುವಕರ ಗುಂಪಿನಲ್ಲೂ ಐದಾರು ಜನ ಸೇರಿದರೆ ಇಷ್ಟು ದುಡ್ಡು ಕೂಡುತ್ತದೆ. ಅದಕ್ಕೂ ಮೊದಲು ನೆಂಟರ ಮನೆಯ ಬೀರುಗಳನ್ನು ಒಮ್ಮೆ ಕೇಳಿ ನೋಡಿ. ಹಳೆಯ ಕ್ಯಾಮೆರಾ ಸಿಕ್ಕೀತು, ಎರಡು ಸೆಲ್ ಹಾಕಿದರೆ ಎದ್ದೀತು. ಯಾವ ಕಂಪನಿಯದ್ದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಅವರು ನಿಮ್ಮದೊಂದು ಫೋಟೋ ತೆಗೆದರೆ ಅದೇ ಒಳ್ಳೆಯ ಕ್ಯಾಮೆರಾ.