ಹಾಲುಮನೆಯಿಂದ ಹಿರಿಮನೆಗೆ

ಲಂಡನ್ ನಗರದಿಂದ ಪೋರ್ಟ್ಸ್‌ಮತ್ ಬಂದರಿನತ್ತ ಸಾಗುವ ರೈಲುಗಾಡಿ ಪೀಟರ್ಸ್‌ಫೀಲ್ಡ್ ಎಂಬ ಪುಟ್ಟ ಪೇಟೆಯಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಐದಾರು ಮೈಲಿ ಸಾಗಿ, ಸೌತ್ ಹಾರ್ಟಿಂಗ್ ಎಂಬ ಹಳ್ಳಿಯನ್ನು ದಾಟಿ, ಮರಗಳ ನೆರಳಿನ ಕಡಿದಾದ ಏರನ್ನು ಹತ್ತಿದರೆ ಒಮ್ಮೆಗೇ ಆಕಾಶ ತೆರೆದುಕೊಳ್ಳುತ್ತದೆ. ಹಸುರು ಹುಲ್ಲು ಹೊದೆದ ಗುಡ್ಡದ ನೆತ್ತಿ. ಅದರ ಮೇಲೆ ಕೆಂಪು ಇಟ್ಟಿಗೆಯ ಚೌಕನೆಯ ಮನೆ. ಮೋಡವಿಲ್ಲದ ದಿನ ದಕ್ಷಿಣಕ್ಕೆ ದೃಷ್ಟಿ ಹಾಯಿಸಿದರೆ ದೂರದಲ್ಲಿ ಸಮುದ್ರವೂ ಕಾಣುತ್ತದೆ. ಇದೇ ಅಪ್‌ಪಾರ್ಕ್.

ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಮನೆಗಳು ಎಷ್ಟೋ ಇವೆ. ಆದರೆ ಹಾಲು ಕಡೆಯುವ ಹುಡುಗಿಯೊಬ್ಬಳು ಒಡತಿಯಾಗಿ ಬಂದು, ಒಡೆಯನ ನಂತರವೂ ಇಪ್ಪತ್ತೆಂಟು ವರ್ಷ ಆಳಿದ ಮನೆ ಎಂಬ ಪ್ರಸಿದ್ಧಿ ಇದಕ್ಕೆ ಉಂಟು.

1690ರ ಸುಮಾರಿಗೆ ಫೋರ್ಡ್ ಗ್ರೇ ಎಂಬ ಶ್ರೀಮಂತನು ಕಟ್ಟಿಸಿದ ಈ ಮನೆಯನ್ನು 1747ರಲ್ಲಿ ಸರ್ ಮ್ಯಾಥ್ಯೂ ಫೆದರ್‌ಸ್ಟನ್‌ಹಾ 19,000 ಪೌಂಡುಗಳಿಗೆ ಕೊಂಡನು. ಆತನ ಏಕಮಾತ್ರ ಪುತ್ರ ಹ್ಯಾರಿ, ಜನನ 1754. ಇಪ್ಪತ್ತು ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡ ತರುಣನ ಕೈಗೆ ಅಪಾರ ಐಶ್ವರ್ಯ ಬಂದಿತು. ಬೇಟೆ, ಜೂಜು, ಕುದುರೆ ಪಂದ್ಯ, ಮದಿರೆ: ಇವೇ ಆತನ ದಿನಚರಿಯಾದುವು. ಮುಂದೆ ರಾಜಪ್ರತಿನಿಧಿಯಾಗಿ ಒಂದು ಯುಗಕ್ಕೇ ತನ್ನ ಪದವಿಯ ಹೆಸರನ್ನು ಕೊಟ್ಟ ಯುವರಾಜ ಜಾರ್ಜನು ಇಲ್ಲಿನ ಗುಡ್ಡದ ಮೇಲಿನ ಪಂದ್ಯಗಳಿಗೆ ಅತಿಥಿಯಾಗಿ ಬರುತ್ತಿದ್ದನು.

ಆ ದಿನಗಳಲ್ಲಿ, 1781ರಲ್ಲಿ, ಈ ಮನೆಗೆ ಇನ್ನೊಬ್ಬ ಬಡ ಹುಡುಗಿ ಬಂದಿದ್ದಳು. ಚೆಷರ್ ಸೀಮೆಯ ಕಮ್ಮಾರನೊಬ್ಬನ ಮಗಳು, ಹೆಸರು ಎಮ್ಮಾ, ವಯಸ್ಸು ಹದಿನಾರರ ಆಸುಪಾಸು, ರೂಪವೋ ಅಸಾಧಾರಣ. ಊಟದ ಮೇಜಿನ ಮೇಲೆ ಆಕೆ ಅತಿಥಿಗಳೆದುರು ಕುಣಿದಳೆಂದು ಒಂದು ಕಥೆ ಹೇಳುತ್ತಾರೆ. ಕೆಲವೇ ತಿಂಗಳಲ್ಲಿ ಗರ್ಭಿಣಿಯಾದಳು. ಆ ಶಿಶುವಿನ ತಂದೆ ಹ್ಯಾರಿಯೇ ಎಂದು ಬಹುಮಂದಿ ನಂಬುತ್ತಾರೆ. ಆತನು ಆಕೆಯನ್ನು ಮನೆಯಿಂದ ಕಳುಹಿಸಿಬಿಟ್ಟನು. ಏಳು ಪತ್ರಗಳನ್ನು ಬರೆದರೂ ಒಂದು ಉತ್ತರವಿಲ್ಲವೆಂದು ಆಕೆ ಚಾರ್ಲ್ಸ್ ಗ್ರೆವಿಲ್ ಎಂಬ ಮತ್ತೊಬ್ಬ ಶ್ರೀಮಂತನಲ್ಲಿ ಗೋಳು ತೋಡಿಕೊಂಡಳು. ಇದೇ ಎಮ್ಮಾ ಮುಂದೆ ಗ್ರೆವಿಲನ ಸೋದರಮಾವ, ರಾಯಭಾರಿ ಸರ್ ವಿಲಿಯಂ ಹ್ಯಾಮಿಲ್ಟನ್ನನ ಪತ್ನಿಯಾಗಿ, ನೌಕಾವೀರ ನೆಲ್ಸನ್ನನ ಪ್ರೇಯಸಿಯಾಗಿ ಯೂರೋಪಿಗೆಲ್ಲ ಪರಿಚಿತಳಾದದ್ದು. 1815ರಲ್ಲಿ ಫ್ರಾನ್ಸಿನ ಕ್ಯಾಲೆ ಪಟ್ಟಣದಲ್ಲಿ ಬಡತನದಲ್ಲಿ ತೀರಿಕೊಂಡಳು. ಮಧ್ಯವಯಸ್ಸಿನಲ್ಲಿ ಹ್ಯಾರಿ ಆಕೆಗೆ ಸ್ನೇಹದಿಂದ ಪತ್ರ ಬರೆಯುತ್ತಿದ್ದನು, ಬೇಟೆಯ ಹಕ್ಕಿಗಳನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದನು ಎಂಬುದು ನಿಜ. ಆದರೆ ಆ ಏಳು ಪತ್ರಗಳ ಕಾಲ ಎಂದೋ ಕಳೆದುಹೋಗಿತ್ತು.

ದೊರೆ ಮೂರನೆಯ ಜಾರ್ಜನು ಬುದ್ಧಿಭ್ರಮಣೆಗೆ ಒಳಗಾದಾಗ, 1811ರಿಂದ 1820ರವರೆಗೆ, ಆತನ ಮಗನು ರಾಜಪ್ರತಿನಿಧಿಯಾಗಿ ಆಳಿದನು. ಅದೇ ರೀಜೆನ್ಸಿ ಯುಗ. ಕಾದಂಬರಿಗಳಲ್ಲಿ ಅದು ನೃತ್ಯಕೂಟಗಳ, ಕಳ್ಳನೋಟಗಳ, ಪ್ರೇಮಪತ್ರಗಳ ಕಾಲ. ವಾಸ್ತವದಲ್ಲಿ ಶ್ರೀಮಂತರ ಮದುವೆಯೆಂದರೆ ಜಮೀನಿಗೂ ಜಮೀನಿಗೂ ಆಗುವ ಒಪ್ಪಂದ. ವಧೂವರರ ಮನಸ್ಸಿಗಿಂತ ಮೊದಲು ವಕೀಲರ ಲೇಖನಿ ಓಡಬೇಕು. ಲಂಡನ್ನಿನ ಆಲ್ಮ್ಯಾಕ್ಸ್ ನೃತ್ಯಮಂದಿರಕ್ಕೆ ಯಾರು ಕಾಲಿಡಬಹುದೆಂಬುದನ್ನು ಕೆಲವೇ ಕುಲೀನ ಮಹಿಳೆಯರು ಕುಳಿತು ತೀರ್ಮಾನಿಸುತ್ತಿದ್ದರು. ಈ ಬೇಲಿಯನ್ನು ಹಾರಿದವರೂ ಇದ್ದರು. 1807ರಲ್ಲಿ ಅರ್ಲ್ ಆಫ್ ಕ್ರೇವನ್ ನಟಿ ಲೂಯಿಸಾ ಬ್ರಂಟನ್ನಳನ್ನು ವರಿಸಿದನು. ಬ್ಯಾಂಕಿನ ಒಡೆಯ ಕೂಟ್ಸ್ ಎಂಬಾತನ ವಿಧವೆಯಾದ ನಟಿ ಹ್ಯಾರಿಯೆಟ್ ಮೆಲನ್, 1827ರಲ್ಲಿ ತನಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಿರಿಯನಾದ ಡ್ಯೂಕ್ ಆಫ್ ಸೇಂಟ್ ಆಲ್ಬನ್ಸನ ಕೈಹಿಡಿದು ಡಚೆಸ್ ಆದಳು. ಆದರೆ ನಟಿಯರಿಗೆ ರಂಗಭೂಮಿಯೆಂಬ ಸೇತುವೆಯಿತ್ತು. ದೀಪದ ಬೆಳಕಿನಲ್ಲಿ ರಾಣಿಯ ವೇಷ ತೊಟ್ಟವಳನ್ನು ಸಮಾಜ ಮೊದಲೇ ನೋಡಿ ಮೆಚ್ಚಿರುತ್ತಿತ್ತು. ಹಾಲುಮನೆಯ ಹುಡುಗಿಗೆ ಅಂಥ ಸೇತುವೆ ಎಲ್ಲಿಯದು?

ಅಪ್‌ಪಾರ್ಕಿನ ಹಾಲುಮನೆ ಇಂದಿಗೂ ನೋಡತಕ್ಕ ಸ್ಥಳ. 1810ರಿಂದ ಈಚೆಗೆ ಕೆಲವು ವರ್ಷ ಉದ್ಯಾನಶಿಲ್ಪಿ ಹಂಫ್ರಿ ರೆಪ್ಟನ್ನನು ಈ ಮನೆಗೆ ಅನೇಕ ಮಾರ್ಪಾಡುಗಳನ್ನು ಸೂಚಿಸಿದನು. ಹಾಲುಮನೆಗೆ ಹೊಸ ರೂಪ ಬಂದದ್ದೂ ಆಗಲೇ. ಗೋಡೆಗೆ ಬಿಳಿಯ ಹೆಂಚುಬಿಲ್ಲೆಗಳು, ಒಳಗೆ ತಂಪು. ಬೆಣ್ಣೆ ಕರಗದಿರಲು ತಂಪು ಬೇಕೆಂಬುದೇನೋ ಸರಿ. ಆದರೆ ಅಂದವೂ ಬೇಕಾಗಿತ್ತು. ಏಕೆಂದರೆ ಸಿರಿವಂತರು ತಿರುಗಾಡುತ್ತ ಬಂದು ಹಾಲು ಕಡೆಯುವುದನ್ನು ನೋಡಿ ಸಂತೋಷಪಡುವುದು ಆಗಿನ ಒಂದು ಷೋಕಿ. ಫ್ರಾನ್ಸಿನ ರಾಣಿ ಮೇರಿ ಆಂಟ್ವನೆಟ್‌ಗೂ ಇಂಥದೊಂದು ಚೆಲುವಿನ ಹಾಲುಮನೆಯಿತ್ತು. ಅಪ್‌ಪಾರ್ಕಿನ ಉಳಿದ ಆಳುಕಾಳುಗಳ ಸ್ಥಿತಿಯೇ ಬೇರೆ. ಮನೆಗೂ ಹೊರಕಟ್ಟಡಗಳಿಗೂ ನಡುವೆ ನೆಲದಡಿಯಲ್ಲಿ ಸುರಂಗಗಳಿವೆ. ಒಡೆಯರ ಕಣ್ಣಿಗೆ ಬೀಳದೆ ಆಳುಗಳು ಅಲ್ಲಿ ಓಡಾಡಬೇಕು. ಕಣ್ಣಿಗೆ ಬೀಳಬಹುದಾದ ಆಳು ಹಾಲುಮನೆಯವಳೊಬ್ಬಳೇ ಎಂದರೂ ತಪ್ಪಾಗದು.

ಹಾಗೆ ಒಂದು ದಿನ, ಎಪ್ಪತ್ತರ ಅಂಚಿನಲ್ಲಿದ್ದ ಬ್ರಹ್ಮಚಾರಿ ಸರ್ ಹ್ಯಾರಿ ಹಾಲುಮನೆಯ ಬಳಿ ಬಂದಾಗ ಒಳಗಿನಿಂದ ಹಾಡು ಕೇಳಿಸಿತಂತೆ. ಹಾಡುತ್ತಿದ್ದವಳು ಮೇರಿ ಆನ್ ಬುಲಕ್, ವಯಸ್ಸು ಇಪ್ಪತ್ತು. ಆತನು ಮತ್ತೆ ಮತ್ತೆ ಬಂದನು. ಕೊನೆಗೊಮ್ಮೆ ಬಾಗಿಲಲ್ಲಿ ನಿಂತು, ತನ್ನನ್ನು ಮದುವೆಯಾಗುವೆಯಾ ಎಂದು ಕೇಳಿದನು. ಹುಡುಗಿಗೆ ಮಾತೇ ಹೊರಡಲಿಲ್ಲ. ಈಗಲೇ ಉತ್ತರ ಬೇಡ. ಒಪ್ಪಿಗೆಯಾದರೆ ಇಂದಿನ ಊಟಕ್ಕೆ ಬರುವ ಕುರಿಯ ತೊಡೆಯಿಂದ ಒಂದು ಹೋಳನ್ನು ಕತ್ತರಿಸಿಡು, ಅಷ್ಟು ಸಾಕು ಎಂದು ಹೇಳಿ ಆತನು ಹೊರಟುಹೋದನು. ಸಂಜೆ ಮೇಜಿಗೆ ಬಂದ ತೊಡೆಯಲ್ಲಿ ಒಂದು ಹೋಳು ಇರಲಿಲ್ಲ.

ಈ ಕಥೆ ಆ ಮನೆಯವರ ಬಾಯಿಂದ ಬಾಯಿಗೆ ಬಂದದ್ದು. ಅಕ್ಷರಶಃ ಹೀಗೆಯೇ ನಡೆಯಿತೆಂದು ಪಟ್ಟುಹಿಡಿಯಬೇಕಾಗಿಲ್ಲ. ಆದರೂ ಅದರಲ್ಲೊಂದು ಸೂಕ್ಷ್ಮವಿದೆ. ಧಣಿಯ ಮುಖ ನೋಡಿ ‘ಬೇಡ’ ಎನ್ನುವುದು ಸಂಬಳದ ಹುಡುಗಿಗೆ ಸಾಧ್ಯವೇ? ಸುಮ್ಮನಿದ್ದರೆ ಅದೇ ನಿರಾಕರಣೆ ಎಂದಾಗ ಆಕೆಯ ಮಾನವೂ ಉಳಿಯಿತು, ಕೂಳೂ ಉಳಿಯಿತು. ಎಮ್ಮಾಳ ಪತ್ರಗಳಿಗೆ ಉತ್ತರ ಬರೆಯದವನು ಈ ಸಲ ಉತ್ತರಕ್ಕಾಗಿ ತಾನೇ ಕಾದು ಕುಳಿತನು.

ಮದುವೆಗೆ ಮುಂಚೆ ಆಕೆಯನ್ನು ವಿದ್ಯಾಭ್ಯಾಸಕ್ಕಾಗಿ ಪ್ಯಾರಿಸ್ಸಿಗೆ ಕಳುಹಿಸಿದನೆಂದೂ ಹೇಳುತ್ತಾರೆ. 1825ರ ಸೆಪ್ಟೆಂಬರ್ 12ರಂದು ವಿವಾಹವಾಯಿತು. ಸುತ್ತಣ ಸೀಮೆಯ ದೊಡ್ಡಮನೆಗಳಲ್ಲಿ ನಗೆಯೋ ನಗೆ. ಮದುವೆಯಾದ ಕೆಲವು ದಿನಕ್ಕೆ ತನ್ನ ಆಳುಗಳೇ ಮರೆಯಲ್ಲಿ ಕಿಸಕ್ಕೆಂದದ್ದು ಸರ್ ಹ್ಯಾರಿಯ ಕಿವಿಗೆ ಬಿದ್ದು, ತಾನು ಹುಚ್ಚನಾದೆನೆಂದು ಬೇಟೆಗಾವಲಿನವನ ಬಳಿ ಹೇಳಿಕೊಂಡನಂತೆ. ಹಾಗೆ ಅಂದುಕೊಂಡವನು ಆಕೆಯೊಡನೆ ಬಾಳಿದ್ದು ಇಪ್ಪತ್ತೊಂದು ವರ್ಷ! 1846ರ ಅಕ್ಟೋಬರಿನಲ್ಲಿ, ತೊಂಬತ್ತೊಂದು ತುಂಬಿದ ವಯಸ್ಸಿನಲ್ಲಿ ಕಣ್ಣುಮುಚ್ಚಿದಾಗ, ಮನೆಯನ್ನೂ ಜಮೀನನ್ನೂ ಮೇರಿ ಆನ್‌ಗೆ ಬಿಟ್ಟಿದ್ದನು.

ಮಕ್ಕಳಿರಲಿಲ್ಲ. ತಂಗಿ ಫ್ರಾನ್ಸಿಸಳನ್ನು ಮೇರಿ ಆನ್ ಮೊದಲೇ ತನ್ನೊಡನೆ ಕರೆದುಕೊಂಡು ಬಂದಿದ್ದಳು. ಹಣಕ್ಕೆ ಕೊರತೆಯಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ ಹೊಸ ಸಿರಿವಂತರು ಹಳೆಯ ಮನೆಗಳನ್ನು ಒಡೆದು ಕಟ್ಟುತ್ತ, ಗೋಡೆಗೆ ಹೊಸ ಕಾಗದ, ಕಿಟಕಿಗೆ ಹೊಸ ಪರದೆ ಹಾಕಿಸುತ್ತಿದ್ದರು. ಅಪ್‌ಪಾರ್ಕಿನಲ್ಲಿ ಮಾತ್ರ ಎಲ್ಲವೂ ಸರ್ ಹ್ಯಾರಿ ಇಟ್ಟ ಹಾಗೆಯೇ ಇರಬೇಕೆಂಬುದು ಒಡತಿಯ ಕಟ್ಟಳೆ. ಕುಲೀನ ಸಮಾಜ ತನ್ನವಳೆಂದು ಪೂರ್ತಿ ಒಪ್ಪದ ಹೆಂಗಸೇ ಆ ಸಮಾಜದ ಹಳೆಯ ವೈಭವವನ್ನು ಎಲ್ಲರಿಗಿಂತ ನಿಷ್ಠೆಯಿಂದ ಕಾಪಾಡಿದಳು. 1874ರಲ್ಲಿ ಆಕೆ ತೀರಿಕೊಂಡ ಮೇಲೆ ಫ್ರಾನ್ಸಿಸ್ ಫೆದರ್‌ಸ್ಟನ್‌ಹಾ ಎಂಬ ಮನೆತನದ ಹೆಸರನ್ನು ಧರಿಸಿ 1895ರವರೆಗೂ ಅದೇ ಕಟ್ಟಳೆಯನ್ನು ನಡೆಸಿದಳು. ಈ ಫ್ರಾನ್ಸಿಸಳ ಬಳಿ ಮನೆವಾರ್ತೆ ನೋಡಿಕೊಳ್ಳಲು 1880ರಲ್ಲಿ ಬಂದವಳು ಸಾರಾ ವೆಲ್ಸ್. ಆಕೆಯ ಮಗ, ಮುಂದೆ ವಿಖ್ಯಾತ ಲೇಖಕನಾದ ಹೆಚ್. ಜಿ. ವೆಲ್ಸ್, ಇಲ್ಲಿನ ಗ್ರಂಥಭಂಡಾರದ ಪುಸ್ತಕಗಳನ್ನು ಓದಿ ಬೆಳೆದನು. 1909ರಲ್ಲಿ ಪ್ರಕಟವಾದ ‘ಟೋನೊ ಬಂಗೆ’ ಕಾದಂಬರಿಯ ಬ್ಲೇಡ್ಸೋವರ್ ಎಂಬ ಹಿರಿಮನೆಗೆ ಅಪ್‌ಪಾರ್ಕೇ ಮಾದರಿ.

ಮುಂದೆ ಬಂದ ಒಡತಿ ಲೇಡಿ ಮೀಡ್ ಫೆದರ್‌ಸ್ಟನ್‌ಹಾ ಕೂಡ ಹರಿದ ರೇಷ್ಮೆಯ ಪರದೆಗಳನ್ನು ಎಸೆಯಲಿಲ್ಲ. ಅಂಟುವಾಳದಂತೆ ನೊರೆ ಕೊಡುವ ಒಂದು ಗಿಡದ ರಸದಲ್ಲಿ ತೊಳೆದು, ಎಳೆಯೆಳೆಯಾಗಿ ಹೊಲಿದು ಮತ್ತೆ ತೂಗಹಾಕಿದಳು. 1954ರಲ್ಲಿ ಮನೆ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿತು.

1989ರ ಆಗಸ್ಟ್ 30. ಮಾಡಿನ ಸೀಸದ ಹೊದಿಕೆಯ ದುರಸ್ತಿ ಮುಗಿಯುತ್ತ ಬಂದಿತ್ತು. ಕೆಲಸದವರ ಬೆಂಕಿ ಮರಕ್ಕೆ ತಗುಲಿ ಮಾಡು ಹೊತ್ತಿಕೊಂಡಿತು. ಮೇಲಿನ ಅಂತಸ್ತು ಸುಟ್ಟುಹೋಯಿತು. ಕೆಳಗಿನ ಕೋಣೆಗಳ ಮೇಜು, ಕುರ್ಚಿ, ಚಿತ್ರಪಟಗಳನ್ನು ಜನರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಹೊರಗಿನ ಹುಲ್ಲಿನ ಮೇಲೆ ಇಟ್ಟರು. ಗೋಡೆಯಷ್ಟೇ ಉಳಿದ ಮನೆಯನ್ನು ಹೊಸದಾಗಿ ಕಟ್ಟುವುದೋ, ಹಾಗೆಯೇ ಬಿಡುವುದೋ ಎಂಬ ಚರ್ಚೆ ನಡೆಯಿತು. ಬೆಂಕಿ ಬೀಳುವ ಹಿಂದಿನ ದಿನ ಹೇಗಿತ್ತೋ ಹಾಗೆಯೇ ಆಗಬೇಕೆಂದು ಕೊನೆಗೆ ತೀರ್ಮಾನವಾಯಿತು. ಗಾರೆಯ ಹೂಬಳ್ಳಿಗಳ ಕುಸುರಿಯನ್ನು ಕೈಯಿಂದಲೇ ಮಾಡುವ ವಿದ್ಯೆಯನ್ನು ಕೆಲಸಗಾರರು ಮತ್ತೆ ಕಲಿತರು. 1995ರಲ್ಲಿ ಬಾಗಿಲು ತೆರೆದಾಗ, ಹಳೆಯ ಬಣ್ಣ ಮಾಸಿದ್ದ ಕಡೆ ಹೊಸ ಬಣ್ಣವನ್ನೂ ಮಾಸಿದಂತೆಯೇ ಬಳಿದಿದ್ದರು.