ಎದೆಯೂರಿ ಹತ್ತುವ ಮೀನು

ನಸುಕಿನಲ್ಲಿ ಬೆಂಗಳೂರಿನ ಜಯನಗರದ ಮನೆಯ ಸಂಪಿನೊಳಗೆ ನೀರು ಬೀಳುವ ಸದ್ದು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ: ಮೂರು ಕಡೆ ಪಂಪುಗಳು ದಬ್ಬಿ, ಸುಮಾರು 100 ಕಿ.ಮೀ. ಓಡಿಸಿ, 500 ಮೀಟರಿಗೂ ಮಿಕ್ಕಿ ಮೇಲೆತ್ತಿದ ಕಾವೇರಿ. 1974ರಿಂದಲೂ ನಡೆದಿದೆ ಈ ಏರಾಟ. ಇದೇ ನದೀಬಳಗದ ಬೆಟ್ಟದ ತೊರೆಗಳಲ್ಲಿ ಗೇಣುದ್ದವೂ ಇಲ್ಲದ ಮೀಸೆಮೀನೊಂದು ಸೆಳವಿಗೆದುರಾಗಿ ಹತ್ತುತ್ತದೆ. ಪಂಪಿಲ್ಲ, ಹಗ್ಗವಿಲ್ಲ. ಇರುವುದು ಎದೆಯೊಂದೇ!

ಅದರ ಕುಲದ ಹೆಸರು ಗ್ಲಿಪ್ಟೊಥೊರಾಕ್ಸ್. ಗ್ರೀಕಿನಲ್ಲಿ 'ಕೆತ್ತಿದ ಎದೆ'. ಕಾವೇರಿಯ ಉಪನದಿ ಭವಾನಿಯಲ್ಲಿ ಸಿಕ್ಕ ನಮ್ಮ ಕಡೆಯ ಜಾತಿಯೊಂದಕ್ಕೆ 1873ರಲ್ಲಿ ಹೆಸರಿಟ್ಟವನು ಮೀನುತಜ್ಞ ಫ್ರಾನ್ಸಿಸ್ ಡೇ. ಮೀನನ್ನು ಅಂಗಾತ ಮಲಗಿಸಿ ನೋಡಿ: ಎದೆಯ ಮೇಲೆ, ಈಜುರೆಕ್ಕೆಗಳ ನಡುವೆ, ನೇಗಿಲು ಹೊಡೆದ ಹೊಲದಂತೆ ಸಾಲುಸಾಲು ಚರ್ಮದ ಮಡಿಕೆ. ಮಡಿಕೆಯ ಮೇಲೆ ಕಣ್ಣಿಗೆ ಕಾಣದ ಮುಳ್ಳು. ಇದನ್ನೇ ನಂಬಿ ಅದು ಮಳೆಗಾಲಕ್ಕೆ ಇಳಿಯುತ್ತದೆ.

ಆಷಾಢ. ಘಟ್ಟದ ಮೇಲೆ ಮಳೆ ಹಿಡಿಯಿತು. ತೊರೆ ಉಬ್ಬಿತು, ಕೆಂಪಾಯಿತು, ಗುಡುಗಿತು. ಗುಂಡುಕಲ್ಲುಗಳು ಉರುಳುತ್ತಿವೆ, ಕೊಂಬೆಗಳು ಮುರಿದು ಬರುತ್ತಿವೆ. ಮೀನು ಬಂಡೆಗೆ ಅಪ್ಪಳಿಸುತ್ತದೆ, ಚಪ್ಪಟೆ ಹೊಟ್ಟೆ ಒತ್ತುತ್ತದೆ, ರೆಕ್ಕೆ ಹರಡುತ್ತದೆ, ಮಡಿಕೆಗಳು ಕಲ್ಲನ್ನು ಕಚ್ಚುತ್ತವೆ. ನೀರು ಬೆನ್ನ ಮೇಲಿಂದ ಜಾರಿಹೋಗುತ್ತದೆ. ಸಡಿಲಿತೇ? ಅರ್ಧ ಇಂಚು ಜಾರಿತು... ಮತ್ತೆ ಹಿಡಿಯಿತು!

ಇಂಥ ಮೀನು ಹಿಮಾಲಯದ ಝರಿಗಳಲ್ಲೂ ಉಂಟು, ಸಹ್ಯಾದ್ರಿಯಲ್ಲೂ ಉಂಟು. ನಡುವೆ ಅಷ್ಟು ದೊಡ್ಡ ಬಯಲು. ದಾಟಿದ್ದು ಹೇಗೆ? ಮೀನುತಜ್ಞ ಸುಂದರಲಾಲ್ ಹೋರಾ 1940ರ ದಶಕದಲ್ಲಿ ವಾದಿಸಿದರು: ವಿಂಧ್ಯ-ಸಾತ್ಪುರ ಬೆಟ್ಟಸಾಲುಗಳನ್ನೇ ಸೇತುವೆ ಮಾಡಿಕೊಂಡು, ತೊರೆಯಿಂದ ತೊರೆಗೆ, ತಲೆಮಾರುಗಳ ಮೇಲೆ ತಲೆಮಾರು ಸರಿದು ಬಂದವು. ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಆ ಊಹೆ ನೆನೆದರೇ ಮೈ ಜುಮ್ಮೆನ್ನುತ್ತದೆ.

ಪ್ರವಾಹ ಗೆದ್ದ ಮೀನಿಗೆ ಕಂಟಕ ಬೇರೆ ಕಡೆ ಕಾದಿದೆ. ಅಣೆಕಟ್ಟು ಕಟ್ಟಿದರೆ ಓಟದ ನೀರು ನಿಂತ ನೀರಾಗುತ್ತದೆ. ಹೂಳು ಬಂದು ಬಂಡೆಯನ್ನು ಮುಚ್ಚಿದರೆ ಎದೆಗೆ ಕಚ್ಚಲು ಕಲ್ಲೇ ಇಲ್ಲ. ಕೆಸರಿಗೆ ಒತ್ತಿದರೆ ಏನು ಹಿಡಿದೀತು?

ರಾತ್ರಿ. ಮಳೆ ಕೊಂಚ ಬಿಟ್ಟಿದೆ. ಕಲ್ಲಿನಡಿಯಿಂದ ಎಂಟು ಮೀಸೆ ಹೊರಬಂದವು, ತಡಕಿದವು, ನೀರುಹುಳದ ಮರಿಯೊಂದನ್ನು ಪತ್ತೆಹಚ್ಚಿದವು. ಗಬಕ್! ಮೇಲಿನ ಬಂಡೆ ಮೊಳದ ದೂರದಲ್ಲಿದೆ. ನಡುವೆ ನೀರು ಕುದಿಯುತ್ತಿದೆ. ಮೀನು ಹಿಡಿತ ಬಿಟ್ಟಿತು, ಬಾಲ ಬೀಸಿತು.