ದನಗಾಹಿಯ ಸಾರು

ಬಿಸಿಲ್ಗುದುರೆ ಎಂಬ ಮಾತನ್ನು ಕಾವ್ಯಗಳಲ್ಲಿ ಓದಿ ಬಲ್ಲೆನೇ ಹೊರತು, ಅದನ್ನು ಕಣ್ಣಾರೆ ಕಾಣುವುದಕ್ಕೆ ಹಂಗೆರಿ ದೇಶದವರೆಗೆ ಹೋಗಬೇಕಾದೀತೆಂದು ನಾನು ಎಣಿಸಿರಲಿಲ್ಲ. ಸೆಪ್ಟೆಂಬರ್ ತಿಂಗಳ ಮೊದಲ ವಾರ. ಹೊರ್ತೊಬಾಜ್ ಎಂಬ ಬಯಲಿನ ನಡುವೆ ನಾನೂ ನನ್ನ ಮಗಳೂ ನಿಂತಿದ್ದೆವು. ಸುತ್ತ ಕಣ್ಣು ಹರಿಯುವಷ್ಟು ದೂರ ಹುಲ್ಲು. ಬೆಟ್ಟವಿಲ್ಲ, ಗುಡ್ಡವಿಲ್ಲ, ಮರಗಳೂ ವಿರಳ. ದಿಗಂತದ ಅಂಚಿನಲ್ಲಿ ಬೆಳ್ಳಗೆ ನೀರು ನಿಂತಂತೆ ತೋರಿತು. ಆ ನೀರಿನ ಮೇಲೆ ದನಗಳ ಮಂದೆಯೊಂದು ತೇಲುತ್ತಿತ್ತು. "ಅಲ್ಲಿ ನೀರಿಲ್ಲ ಅಪ್ಪ," ಎಂದಳು ಮಗಳು. "ಇದಕ್ಕೆ ಇವರು ದೆಲಿಬಾಬ್ ಎನ್ನುತ್ತಾರೆ." ಕುದುರೆ ಸವಾರಿಗೆ ಹೆಸರಾದ ಆ ನಾಡಿಗೆ ನಮ್ಮ 'ಬಿಸಿಲ್ಗುದುರೆ' ಎಂಬ ಹೆಸರೇ ಹೆಚ್ಚು ಒಪ್ಪೀತೆಂದು ನನಗೆ ತೋರಿತು.

ನನ್ನ ಮಗಳು ಡೆಬ್ರೆತ್ಸೆನ್ ನಗರದ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ಅವಳನ್ನು ಕಂಡುಬರಲೆಂದು ನಾನೊಬ್ಬನೇ ಹೊರಟಿದ್ದೆ. ನನ್ನ ಮನೆಯವರಿಗೆ ಮೊಣಕಾಲು ನೋವು, ಅವರು ಬರಲಿಲ್ಲ. ಅವರ ಬದಲಿಗೆ ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ಪುಡಿ, ಚಟ್ನಿಪುಡಿ, ಹಪ್ಪಳ ಇವಿಷ್ಟು ನನ್ನ ಜೊತೆಗೆ ಬಂದವು.

ಡೆಬ್ರೆತ್ಸೆನ್‌ನಿಂದ ಹೊರ್ತೊಬಾಜ್ ಗ್ರಾಮಕ್ಕೆ ಸುಮಾರು 40 ಕಿಲೋಮೀಟರು. ರೈಲು ನಿಧಾನವಾಗಿ ಹೋಗುತ್ತದೆ. ಅವಸರಪಡುವುದಕ್ಕೆ ಆ ಬಯಲಿನಲ್ಲಿ ಕಾರಣವೂ ಇಲ್ಲ. ಊರಿನ ಬಳಿ 1827ರಿಂದ 1833ರವರೆಗೆ ಕಟ್ಟಿದ ಒಂಬತ್ತು ಕಮಾನುಗಳ ಕಲ್ಲಿನ ಸೇತುವೆಯಿದೆ. ಅದರ ಪಕ್ಕದಲ್ಲಿ ದಾರಿಹೋಕರಿಗೆಂದು ಕಟ್ಟಿದ ಹಳೆಯ ಛತ್ರವಿದೆ. ಈ ಬಯಲು 1973ರಲ್ಲಿ ಹಂಗೆರಿಯ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಇವಾವುವೂ ಅಲ್ಲ, ಬಯಲಿನ ನಡುವಿನ ಬಾವಿಗಳು. ಕವಲುಗಂಬದ ಮೇಲೆ ಉದ್ದನೆಯ ತೊಲೆ, ಒಂದು ತುದಿಯಲ್ಲಿ ಭಾರ, ಇನ್ನೊಂದು ತುದಿಯಲ್ಲಿ ಕೊಡ. ನಮ್ಮ ಏತವೇ! ಬಾಲ್ಯದಲ್ಲಿ ತಾತನ ತೋಟದಲ್ಲಿ ಕಂಡಿದ್ದ ಏತವನ್ನು ಅಷ್ಟು ದೂರದಲ್ಲಿ ಕಂಡಾಗ, ಪರದೇಶದಲ್ಲಿದ್ದೇನೆಂಬ ಅಳುಕು ಅರ್ಧ ಇಳಿಯಿತು.

ಅಲ್ಲಿಯ ದನಗಳು ಬೂದುಬಣ್ಣದವು, ಉದ್ದ ಕೊಂಬಿನವು. ನಮ್ಮ ಅಮೃತಮಹಲ್ ತಳಿಯನ್ನು ಕಂಡವರಿಗೆ ಅದರ ನೆನಪಾಗದೆ ಇರದು. ಕರುಗಳು ಮಾತ್ರ ಕೆಂಗಂದು ಬಣ್ಣದಲ್ಲಿ ಹುಟ್ಟಿ, ಬೆಳೆಯುತ್ತ ಬೂದುಬಣ್ಣಕ್ಕೆ ತಿರುಗುತ್ತವೆ. ಹಿಂದಿನ ಶತಮಾನಗಳಲ್ಲಿ ಈ ದನಗಳನ್ನು ಕಾಲ್ನಡೆಯಲ್ಲಿಯೇ ಜರ್ಮನಿಯ ನ್ಯೂರೆಂಬರ್ಗ್‌ವರೆಗೆ, ಇಟಲಿಯ ವೆನಿಸ್‌ವರೆಗೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದರು. ಯಂತ್ರಗಳು ಬಂದ ಮೇಲೆ 1960ರ ದಶಕದ ಹೊತ್ತಿಗೆ ತಳಿಯೇ ಅಳಿಯುವ ಸ್ಥಿತಿಗೆ ಬಂದಿತ್ತು; ಅನಂತರ ಪ್ರಯತ್ನಪಟ್ಟು ಉಳಿಸಿಕೊಂಡರು.

ದನಗಳ ಮಂದೆಗೆ ಅವರ ಭಾಷೆಯಲ್ಲಿ 'ಗುಯಾ' ಎಂದು ಹೆಸರು. ದನ ಕಾಯುವವನು 'ಗುಯಾಶ್'. ಅವನು ಬಯಲಿನಲ್ಲಿ ಬೆಂಕಿ ಹೂಡಿ, 'ಬೊಗ್ರಾಚ್' ಎಂಬ ಕಡಾಯಿಯನ್ನು ಅದರ ಮೇಲೆ ತೂಗುಹಾಕಿ ಬೇಯಿಸಿಕೊಳ್ಳುತ್ತಿದ್ದ ಮಾಂಸಕ್ಕೂ ಅದೇ ಹೆಸರು ನಿಂತಿತು. ಜಗತ್ತೆಲ್ಲ 'ಗುಲಾಶ್' ಎಂದು ಕರೆಯುವ ತಿನಿಸು ಇದೇ. ಇಷ್ಟಾದರೂ ಹೊರಗಿನವರು ಗುಲಾಶ್ ಎನ್ನುವ ಗಟ್ಟಿ ಗೊಜ್ಜಿಗೆ ಹಂಗೆರಿಯವರು 'ಪೊರ್ಕೊಲ್ತ್' ಎನ್ನುತ್ತಾರೆ. ಅವರ ಗುಯಾಶ್ ಸಾರಿನಂತೆ ತೆಳ್ಳಗಿರುತ್ತದೆ; ಬಟ್ಟಲಿನಲ್ಲಿ ಚಮಚದಿಂದ ಉಣ್ಣತಕ್ಕದ್ದು.

ದನಗಾಹಿಯ ಈ ಊಟ ಶ್ರೀಮಂತರ ಮೇಜನ್ನೇರಿದುದಕ್ಕೂ ಒಂದು ಕಥೆಯಿದೆ. 1784ರಲ್ಲಿ ವಿಯೆನ್ನಾದ ದೊರೆ ಎರಡನೆಯ ಜೋಸೆಫನು ಹಂಗೆರಿಯ ಆಡಳಿತವೆಲ್ಲ ಜರ್ಮನ್ ಭಾಷೆಯಲ್ಲಿ ನಡೆಯಬೇಕೆಂದು ಆಜ್ಞೆ ಹೊರಡಿಸಿದ. ಅದುವರೆಗೆ ವಿಯೆನ್ನಾದ ನಡೆನುಡಿಯನ್ನೇ ಅನುಕರಿಸುತ್ತಿದ್ದ ಹಂಗೆರಿಯ ಗಣ್ಯರಿಗೆ ಆಗ ತಮ್ಮ ಭಾಷೆ, ತಮ್ಮ ಉಡುಪು, ತಮ್ಮ ಕುಣಿತಗಳ ನೆನಪಾಯಿತು. ಅವುಗಳ ಜೊತೆಗೆ ಬಯಲಿನ ದನಗಾಹಿಯ ಕಡಾಯಿಯೂ ನೆನಪಾಯಿತು. ಭಾಷೆಯ ಅಭಿಮಾನ ಅಡುಗೆಮನೆಯನ್ನೂ ಹೊಕ್ಕಿತೆಂದರೆ ನಮ್ಮ ವಾಚಕರು ಆಶ್ಚರ್ಯಪಡಲಾರರು.

ಮಗಳು ಬಾಡಿಗೆಗಿರುವ ಮನೆಯ ಒಡತಿ ನಿವೃತ್ತ ಉಪಾಧ್ಯಾಯಿನಿ, ಎಪ್ಪತ್ತು ದಾಟಿದವರು. ಮಗಳು ಅವರನ್ನು 'ನೇನಿ' ಎಂದು ಕರೆಯುತ್ತಾಳೆ. ಹಿರಿಯ ಹೆಂಗಸರನ್ನು ಅಲ್ಲಿ ಹಾಗೆ ಕರೆಯುವುದು ವಾಡಿಕೆ; ನಮ್ಮ ಅತ್ತೆ, ಚಿಕ್ಕಮ್ಮ ಎಂಬಂತೆ. ಅವರ ತಂದೆ ಹೊರ್ತೊಬಾಜ್ ಬಯಲಿನಲ್ಲಿ ದನ ಕಾಯುತ್ತಿದ್ದವರಂತೆ. ನಾವು ಬಯಲನ್ನು ನೋಡಿಬಂದ ಮರುದಿನ ಭಾನುವಾರ, ಅತಿಥಿಗೆಂದು ಅವರು ಗುಯಾಶ್ ಮಾಡಲು ನಿಶ್ಚಯಿಸಿದರು.

ನಮ್ಮ ನಾಡಿನಲ್ಲಿ ದನದ ಮಾಂಸವನ್ನು ಉಣ್ಣುವ ಮನೆಗಳಿವೆ, ಉಣ್ಣದ ಮನೆಗಳಿವೆ. ನಮ್ಮದು ಉಣ್ಣದ ಮನೆ. ಈ ಸಂಗತಿಯನ್ನು ಆ ಹಿರಿಯಾಕೆಗೆ ಮನಸ್ಸು ನೋಯದಂತೆ ಹೇಳುವುದು ಹೇಗೆಂದು ರಾತ್ರಿಯೆಲ್ಲ ಯೋಚಿಸಿದೆ. ಬೆಳಗ್ಗೆ ಅಡುಗೆಮನೆಗೆ ಹೋಗಿ ನೋಡಿದರೆ ಒಲೆಯ ಮೇಲೆ ಎರಡು ಪಾತ್ರೆಗಳಿದ್ದವು, ಒಂದು ದೊಡ್ಡದು, ಒಂದು ಚಿಕ್ಕದು. ಎರಡಕ್ಕೂ ಬೇರೆ ಬೇರೆ ಸೌಟು. ಚಿಕ್ಕದನ್ನು ತೋರಿಸಿ ನೇನಿಯವರು "ಹಮಿಶ್ ಗುಯಾಶ್" ಎಂದರು. ಮಗಳು ನಕ್ಕು ಅರ್ಥ ಹೇಳಿದಳು: "ಸುಳ್ಳು ಗುಯಾಶ್! ಮಾಂಸವಿಲ್ಲದ್ದಕ್ಕೆ ಇವರು ಹಾಗೆನ್ನುತ್ತಾರೆ. ಕೈ ಬರಿದಾದಾಗ ಇಲ್ಲಿಯ ಮನೆಗಳಲ್ಲಿ ಮಾಡುತ್ತಿದ್ದುದಂತೆ." ಬೇರೆ ಸೌಟನ್ನು ಇಡಬೇಕೆಂದು ಆಕೆಗೆ ಯಾರು ಹೇಳಿದರೋ! ನನ್ನ ಅಜ್ಜಿ ಇದ್ದಿದ್ದರೆ ಆ ಅಡುಗೆಮನೆಯ ಮಡಿಯನ್ನು ಮೆಚ್ಚುತ್ತಿದ್ದರು.

ಈರುಳ್ಳಿ ಹೆಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಕೆಲಸದ ನಡುವೆ ನಾನು ಬರೆದುಕೊಂಡ ಕ್ರಮ ಹೀಗಿದೆ. ಆರು ಜನರಿಗೆ ದನದ ಮೊಣಕಾಲ ಕೆಳಗಿನ ಮಾಂಸ ಮುಕ್ಕಾಲು ಕಿಲೋ, ಈರುಳ್ಳಿ ಮೂರು, ಹಂದಿಯ ಕೊಬ್ಬು ಎರಡು ದೊಡ್ಡ ಚಮಚ, ಇಲ್ಲವಾದರೆ ಎಣ್ಣೆ, ಸಿಹಿ ಪಾಪ್ರಿಕ ಪುಡಿ ಎರಡು ದೊಡ್ಡ ಚಮಚ, ನಮ್ಮ ಶಾಹಿ ಜೀರಿಗೆಯನ್ನು ಹೋಲುವ ಬೀಜ ಒಂದು ಸಣ್ಣ ಚಮಚ, ಬೆಳ್ಳುಳ್ಳಿ ಮೂರು ಎಸಳು, ದೊಣ್ಣೆಮೆಣಸಿನಕಾಯಿ ಎರಡು, ಟೊಮೇಟೊ ಒಂದು, ಕ್ಯಾರೆಟ್ ಎರಡು, ಆಲೂಗೆಡ್ಡೆ ಅರ್ಧ ಕಿಲೋ, ರುಚಿಗೆ ಉಪ್ಪು.

ಮೊದಲು ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಕೊಬ್ಬಿನಲ್ಲಿ ಸಣ್ಣ ಉರಿಯ ಮೇಲೆ ಮೆತ್ತಗಾಗುವವರೆಗೆ ಬಾಡಿಸಬೇಕು, ಕರಕಾಗಬಾರದು. ಅನಂತರದ್ದೇ ಮುಖ್ಯವಾದ ಘಟ್ಟ. ನೇನಿಯವರು ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸಿ, ಆಮೇಲೆ ಪಾಪ್ರಿಕ ಪುಡಿಯನ್ನು ಹಾಕಿದರು. ಆ ಪುಡಿಯಲ್ಲಿ ಸಕ್ಕರೆಯ ಅಂಶವಿರುವುದರಿಂದ ಉರಿಯ ಮೇಲೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ. ಆದರೆ ಅದರ ಬಣ್ಣ ಬಿಡುವುದು ನೀರಿನಲ್ಲಿ ಅಲ್ಲ, ಜಿಡ್ಡಿನಲ್ಲಿ. ಆದಕಾರಣ ಜಿಡ್ಡು ಬಿಸಿಯಾಗಿರಬೇಕು, ಕೆಳಗೆ ಬೆಂಕಿಯಿರಬಾರದು. ಪುಡಿ ಬಿದ್ದೊಡನೆ ಪಾತ್ರೆಯೆಲ್ಲ ಕುಂಕುಮದ ಬಣ್ಣವಾಯಿತು.

ಕೂಡಲೇ ಎರಡು ಬೆರಳಗಲದ ಮಾಂಸದ ತುಂಡುಗಳನ್ನೂ, ಬೆಳ್ಳುಳ್ಳಿ, ಬೀಜ, ಉಪ್ಪುಗಳನ್ನೂ ಸೇರಿಸಿ, ಸ್ವಲ್ಪವೇ ನೀರು ಚಿಮುಕಿಸಿ, ಮತ್ತೆ ಒಲೆಗೇರಿಸಿ ಮುಚ್ಚಿಡಬೇಕು. ಮಾಂಸ ತನ್ನ ರಸದಲ್ಲಿಯೇ ಒಂದು ಗಂಟೆಗೂ ಮೀರಿ ಬೇಯಬೇಕು. ತಳ ಹಿಡಿಯುವಂತೆ ಕಂಡಾಗ ಮಾತ್ರ ಮತ್ತಷ್ಟು ನೀರು. ಮಾಂಸ ಬಹುಮಟ್ಟಿಗೆ ಮೆತ್ತಗಾದ ಮೇಲೆ ಎರಡು ಲೀಟರು ನೀರು ಹೊಯ್ದು, ಕುದಿ ಬಂದೊಡನೆ ಕ್ಯಾರೆಟ್, ಆಲೂಗೆಡ್ಡೆ, ಟೊಮೇಟೊ ಹಾಕುವುದು. ದೊಣ್ಣೆಮೆಣಸಿನಕಾಯಿಯ ಸರದಿ ಅದಾದ ಕಾಲು ಗಂಟೆಯ ಮೇಲೆ. ಮೊದಲೇ ಹಾಕಿದರೆ ಪರಿಮಳ ಹಾರಿಹೋಗುತ್ತದೆ.

ಕೊನೆಗೆ 'ಚಿಪೆತ್ಕೆ'. ಒಂದು ಮೊಟ್ಟೆಗೆ ಹಿಡಿದಷ್ಟು ಹಿಟ್ಟನ್ನು, ಚಿಟಿಕೆ ಉಪ್ಪು ಬೆರೆಸಿ ಗಟ್ಟಿಯಾಗಿ ನಾದಿ, ಉಗುರಗಲ ಚಿವುಟಿ ಚಿವುಟಿ ಕುದಿಯುವ ಸಾರಿಗೆ ಬಿಡುವುದು. ಆ ಹೆಸರಿಗೆ ಅರ್ಥವೇ 'ಚಿವುಟಿದ್ದು' ಎಂದು. ಅವು ಮೇಲೆ ತೇಲಿ ಬೆಂದೊಡನೆ ಸಾರು ಸಿದ್ಧ. ಮೈದಾ ಕದಡಿ ಮಂದ ಮಾಡುವ ಪದ್ಧತಿ ಇದಕ್ಕಿಲ್ಲ. ಚಿಕ್ಕ ಪಾತ್ರೆಗೆ ಕೊಬ್ಬಿನ ಬದಲು ಸೂರ್ಯಕಾಂತಿ ಎಣ್ಣೆ, ಮಾಂಸವಿಲ್ಲ, ಚಿಪೆತ್ಕೆಯಿಲ್ಲ, ಉಳಿದುದೆಲ್ಲ ಅದೇ.

ಮಾಂಸ ಬೇಯುವ ಬಿಡುವಿನಲ್ಲಿ ನಾನು ತಂದಿದ್ದ ಬ್ಯಾಡಗಿ ಪುಡಿಯ ಪೊಟ್ಟಣವನ್ನು ಬಿಚ್ಚಿ ತೋರಿಸಿದೆ. ನೇನಿಯವರು ಚಿಟಿಕೆ ತೆಗೆದು ಮೂಸಿ, ನಾಲಗೆಯ ಮೇಲಿಟ್ಟು, ಹುಬ್ಬೇರಿಸಿದರು. ಬಣ್ಣ ಬಹಳ, ಖಾರ ಕಡಮೆ. ಇದು ನಮ್ಮ ಸೆಗೆಡ್ ಊರಿನ ಪಾಪ್ರಿಕದ ನೆಂಟನೇ ಸರಿ ಎಂದರಂತೆ. ಮಾತು ನಿಜ. ಎರಡೂ ಅಮೆರಿಕ ಖಂಡದಿಂದ ಬಂದ ಒಂದೇ ಜಾತಿಯ ಗಿಡ. ನಮ್ಮಲ್ಲಿಗೆ ಪೋರ್ಚುಗೀಸರ ಹಡಗಿನಲ್ಲಿ ಬಂತು. ಅವರಲ್ಲಿಗೆ ತುರ್ಕರ ಆಳ್ವಿಕೆಯಲ್ಲಿ ಬಂತು. ನಾವು ಕರಿಮೆಣಸಿನ ಹೆಸರನ್ನೇ ತಿದ್ದಿ 'ಮೆಣಸಿನಕಾಯಿ' ಎಂದೆವು. 'ಪಾಪ್ರಿಕ' ಎಂಬ ಹೆಸರೂ ಮೆಣಸು ಎಂಬರ್ಥದ ಸ್ಲಾವ್ ಮಾತಿನಿಂದಲೇ ಹುಟ್ಟಿದ್ದು. ಪರಸ್ಥಳದಿಂದ ಬಂದ ಕಾಯಿಗೆ ಎರಡು ನಾಡಿನವರೂ ಮನೆಯ ಹೆಸರನ್ನೇ ಇಟ್ಟರು.

ಸೆಗೆಡ್‌ನ ಹೆಸರು ಬಂದಾಗ ಮಗಳು ತನ್ನ ಪಾಠದ ಒಂದು ಸಂಗತಿಯನ್ನು ಹೇಳಿದಳು. ಆ ಊರಿನ ವಿಶ್ವವಿದ್ಯಾಲಯದಲ್ಲಿದ್ದ ವಿಜ್ಞಾನಿ ಆಲ್ಬರ್ಟ್ ಸೆಂಟ್-ಗ್ಯೋರ್ಗಿಯವರಿಗೆ ಒಂದು ರಾತ್ರಿ ಹೆಂಡತಿ ಊಟಕ್ಕೆ ಹಸಿ ಪಾಪ್ರಿಕ ಕಾಯಿಯನ್ನು ಬಡಿಸಿದರಂತೆ. ತಿನ್ನಲು ಮನಸ್ಸಿಲ್ಲದ ಪತಿಮಹಾಶಯರು ಅದನ್ನು ಪ್ರಯೋಗಶಾಲೆಗೆ ಒಯ್ದು ಪರೀಕ್ಷಿಸಿದರೆ, ಅದು 'ಸಿ' ಜೀವಸತ್ವದ ಭಂಡಾರ! 1937ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಊಟ ಬೇಡವೆಂದವರಿಗೆಲ್ಲ ಇಂಥ ಭಾಗ್ಯ ಬರುವುದಿಲ್ಲವೆಂಬುದನ್ನು ನಮ್ಮ ಮನೆಗಳ ಮಕ್ಕಳು ಮರೆಯಬಾರದು.

ಮಗಳು ನಗುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ಸುಮ್ಮನಾದಳು. ಅನಂತರ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಅಪ್ಪ, ನಾನು ಇದನ್ನು ಉಣ್ಣುತ್ತೇನೆ. ನಿಮಗೆ ಹೇಳಿರಲಿಲ್ಲ."

ನಾನು ಚಾಕುವನ್ನು ಕೆಳಗಿಟ್ಟೆ.

"ಬಂದ ವರ್ಷದ ಚಳಿಗಾಲದಲ್ಲಿ ಜ್ವರ ಬಂದಿತ್ತು. ನಾಲ್ಕು ದಿನ ಮೇಲೆದ್ದಿರಲಿಲ್ಲ. ಹೊರಗೆಲ್ಲ ಹಿಮ. ನೇನಿ ಮೆಟ್ಟಿಲು ಹತ್ತಿ ಇದನ್ನು ತಂದುಕೊಟ್ಟರು. ಏನೆಂದು ಕೇಳಿದೆ, ಮರೆಮಾಚದೆ ಹೇಳಿದರು. ತಿಳಿದೇ ಉಂಡೆ ಅಪ್ಪ. ಆಮೇಲೂ ಉಂಡಿದ್ದೇನೆ. ಅಮ್ಮನಿಗೆ ಹೇಗೆ ಹೇಳುವುದೋ ತಿಳಿಯದು."

ನನಗೂ ಏನು ಹೇಳಬೇಕೆಂದು ತಿಳಿಯಲಿಲ್ಲ. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಸಿಟ್ಟು ಯಾರ ಮೇಲೆಂದು ಹುಡುಕಿದರೆ ಯಾರೂ ಸಿಗಲಿಲ್ಲ. ಜ್ವರದ ಸಂಗತಿಯನ್ನೇ ಅವಳು ನಮಗೆ ತಿಳಿಸಿರಲಿಲ್ಲವೆಂಬುದೇ ಹೆಚ್ಚು ನೋಯಿಸಿತು. ಮೈಸೂರಿನಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಮೊದಲ ಸಲ ಮೊಟ್ಟೆ ತಿಂದು, ಅಜ್ಜಿಗೆ ವಾಸನೆ ಬರಬಾರದೆಂದು ಏಲಕ್ಕಿ ಅಗಿದುಕೊಂಡು ಮನೆಗೆ ಬಂದದ್ದು ನೆನಪಾಯಿತು. ಅಜ್ಜಿ ತೀರಿಕೊಳ್ಳುವವರೆಗೂ ಆ ಮಾತನ್ನು ಹೇಳಲಿಲ್ಲ. ಮಗಳು ನನಗಿಂತ ಧೈರ್ಯಸ್ಥೆ.

ಊಟಕ್ಕೆ ಕುಳಿತೆವು. ನೇನಿಯವರು ನನಗೆ ಚಿಕ್ಕ ಪಾತ್ರೆಯಿಂದ ಬಡಿಸಿದರು. ಮಗಳು ತನ್ನ ಬಟ್ಟಲನ್ನು ಹಿಡಿದುಕೊಂಡು ಎರಡು ಪಾತ್ರೆಗಳ ನಡುವೆ ನಿಂತಳು. "ದೊಡ್ಡದರಿಂದಲೇ ಬಡಿಸಿಕೋ ಮಗು," ಎಂದೆ. ಅವಳು ಬಡಿಸಿಕೊಂಡಳು. ಮೂವರೂ ರೊಟ್ಟಿಯನ್ನು ಮುರಿದು ಉಂಡೆವು. ನನ್ನ ಪಾಲಿನ ಸುಳ್ಳು ಗುಯಾಶ್ ನಿಜವಾಗಿಯೂ ರುಚಿಯಾಗಿತ್ತು. ನಮ್ಮ ಸಾಗುವಿಗೂ ಸಾರಿಗೂ ನಡುವಿನದೊಂದು ರುಚಿ.

ಬೆಂಗಳೂರಿಗೆ ಮರಳಿದ ವಾರದಲ್ಲಿಯೇ ಬ್ಯಾಡಗಿ ಪುಡಿ, ದೊಣ್ಣೆಮೆಣಸಿನಕಾಯಿ, ಆಲೂಗೆಡ್ಡೆಗಳಿಂದ ಅದನ್ನು ನಾನೇ ಮಾಡಿದೆ. ಪಾತ್ರೆಯನ್ನು ಕೆಳಗಿಳಿಸಿ ಪುಡಿ ಹಾಕುವುದನ್ನು ಮರೆಯಲಿಲ್ಲ. ನನ್ನ ಮನೆಯವರು ಎರಡು ಸಲ ಬಡಿಸಿಕೊಂಡು, "ಇದು ಸುಳ್ಳಿನದಾದರೆ ನಿಜದ್ದು ಯಾವುದು?" ಎಂದು ಕೇಳಿದರು. ಹೇಳಿದೆ. ಜ್ವರದ ವಿಷಯ, ಹಿಮದ ವಿಷಯ, ಮಹಡಿಯ ಮೆಟ್ಟಿಲಿನ ವಿಷಯ, ಎಲ್ಲವನ್ನೂ ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ತಟ್ಟೆಗಳನ್ನು ತೆಗೆದರು, ನೆಲ ಒರೆಸಿದರು, ದೇವರ ಮನೆಯ ದೀಪಕ್ಕೆ ಎಣ್ಣೆ ಹಾಕಿ ಬಂದರು. ಆಮೇಲೆ ಕೇಳಿದರು: "ಆಕೆಗೆ ಎಪ್ಪತ್ತು ದಾಟಿದೆ ಎಂದಿರಲ್ಲ, ಆ ಮೆಟ್ಟಿಲುಗಳು ಎಷ್ಟಿವೆ?"

"ಇಪ್ಪತ್ತೆರಡು," ಎಂದೆ. ನಾನು ಎಣಿಸಿದ್ದೆ.

"ಮುಂದಿನ ಸಲ ಯಾರಾದರೂ ಹೋಗುವವರಿದ್ದರೆ ಹೇಳಿ. ಆಕೆಗೆಂದು ಬೇರೆಯಾಗಿ ಒಂದು ಕಿಲೋ ಬ್ಯಾಡಗಿ ಪುಡಿ ಕಟ್ಟಿಕೊಡುತ್ತೇನೆ," ಎಂದು ನನ್ನ ಮನೆಯವರು ಒಳಗೆ ಹೋದರು.